ನಾಳೆಗೆ ಎಷ್ಟು ಉದ್ದು ನೆನೆಸಬೇಕು? ಸಪ್ಲೈ ಚೈನ್ ಪ್ಲಾನಿಂಗ್ ಮತ್ತು ಆನ್‌ಲೈನ್ ತರಬೇತಿ

[ಪರದೆಯ ಮೇಲೆ: ಮುಂಬಯಿಯ ಮಾಟುಂಗಾ ಸ್ಟೇಷನ್ನಿನ ಹೊರಗಿನ ಬೀದಿ, ಮಳೆಗಾಲದ ಮಧ್ಯಾಹ್ನ]

ನಮಸ್ಕಾರ. ಮುಂಬಯಿ ಬಳಿಯ ಭಿವಂಡಿಯ ಗೋದಾಮೊಂದರಲ್ಲಿ ಎಂಟು ವರ್ಷಗಳಿಂದ ಸರಕಿನ ಲೆಕ್ಕ ನೋಡಿಕೊಳ್ಳುತ್ತಿರುವ, ಕುಂದಾಪುರದ ಕಡೆಯ ವೀಕ್ಷಕರೊಬ್ಬರು ಕಳೆದ ತಿಂಗಳು ಹೀಗೆ ಬರೆದಿದ್ದರು: "ಸಪ್ಲೈ ಚೈನ್ ಪ್ಲಾನಿಂಗ್ ಎಂಬುದನ್ನು ಆನ್‌ಲೈನ್ ತರಬೇತಿಯಲ್ಲಿ ನಿಜಕ್ಕೂ ಕಲಿಯಲಿಕ್ಕೆ ಆಗುತ್ತದೆಯೇ ಸರ್, ಅಥವಾ ಅದು ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ವ್ಯವಹಾರವೋ?" ಇದೇ ಪ್ರಶ್ನೆ ಒಂದು ಕಾಲಕ್ಕೆ ನನ್ನದೂ ಆಗಿತ್ತು. ಹಾಗಾಗಿ ಇಂದಿನ ವಿಡಿಯೋ ಅದರ ಬೆನ್ನು ಹತ್ತಿ ಹೊರಟಿದೆ.

ವ್ಯಾಖ್ಯೆಯನ್ನು ಬೇಗ ಮುಗಿಸಿಬಿಡೋಣ. ಯಾವ ಸರಕು, ಎಷ್ಟು, ಎಲ್ಲಿ, ಯಾವಾಗ ಬೇಕಾಗುತ್ತದೆ ಎಂದು ಮೊದಲೇ ಅಂದಾಜಿಸಿ, ಅದಕ್ಕೆ ತಕ್ಕಂತೆ ಖರೀದಿ, ತಯಾರಿ, ದಾಸ್ತಾನು, ಸಾಗಣೆಗಳನ್ನು ಹೊಂದಿಸುವುದೇ ಪ್ಲಾನಿಂಗ್. ಮುಂಬಯಿಯಲ್ಲಿ ಈ ಮಾತೆತ್ತಿದೊಡನೆ ಎಲ್ಲರೂ ಊಟದ ಡಬ್ಬಿಗಳನ್ನು ಮನೆಗಳಿಂದ ಕಚೇರಿಗಳಿಗೆ ತಲುಪಿಸುವ ಡಬ್ಬಾವಾಲರ ಕಡೆ ಬೆರಳು ತೋರಿಸುತ್ತಾರೆ. 1890ರಿಂದ ನಡೆದುಬಂದಿರುವ ಆ ವ್ಯವಸ್ಥೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಪ್ಲಾನಿಂಗ್ ಕಲಿಸಲು ಅದು ಒಳ್ಳೆಯ ಉದಾಹರಣೆಯೇ ಅಲ್ಲ ಎಂಬುದು ನನ್ನ ತಕರಾರು. ಯಾವ ಡಬ್ಬಿ ಯಾರಿಗೆ ಹೋಗಬೇಕೆಂಬುದು ಅಲ್ಲಿ ಮೊದಲೇ ಗೊತ್ತಿರುತ್ತದೆ. ಅಂದಾಜು ಮಾಡುವ ಗೊಡವೆಯಿಲ್ಲ, ದಾಸ್ತಾನು ಇಡುವ ತಲೆನೋವಿಲ್ಲ. ಅದು ಸಾಗಣೆಯ ಚಮತ್ಕಾರ. ಪ್ಲಾನಿಂಗಿನ ನಿಜವಾದ ಸಂಕಟ ನೋಡಬೇಕಾದರೆ ಅದೇ ಊರಿನ ಉಡುಪಿ ಹೋಟೆಲಿನ ಅಡುಗೆಮನೆಗೆ ಬರಬೇಕು.

[ಪರದೆಯ ಮೇಲೆ: ನೀರಿನಲ್ಲಿ ನೆನೆಯುತ್ತಿರುವ ಉದ್ದು]

ನನ್ನ ಸೋದರಮಾವ ಮಾಟುಂಗಾದಲ್ಲಿ ಹೋಟೆಲು ನಡೆಸುತ್ತಿದ್ದರು. ಮಧ್ಯಾಹ್ನದ ಊಟದ ಗದ್ದಲ ಇಳಿದು ಮೂರು ಗಂಟೆಯಾಗುತ್ತಿದ್ದಂತೆ ಅಡುಗೆಯ ಭಟ್ಟರು ಗಲ್ಲಾದ ಬಳಿ ಬಂದು, "ನಾಳೆಗೆ ಎಷ್ಟು ಹಾಕುವುದು ಮಾರಾಯ್ರೆ?" ಎಂದು ಕೇಳುತ್ತಿದ್ದರು. ಮಾವ ಗೋಡೆಯ ಕ್ಯಾಲೆಂಡರಿನತ್ತ ಒಮ್ಮೆ ಕಣ್ಣು ಹಾಯಿಸುತ್ತಿದ್ದರು: ನಾಳೆ ಏಕಾದಶಿಯೋ, ದುರಸ್ತಿಗೆಂದು ಲೋಕಲ್ ರೈಲು ನಿಲ್ಲಿಸುವ ಭಾನುವಾರದ ಮೆಗಾಬ್ಲಾಕೋ, ಶಾಲೆಗಳಿಗೆ ರಜೆಯೋ. ಆಮೇಲೆ ಹೊರಗೆ ಬಗ್ಗಿ ಆಕಾಶ ನೋಡಿ, "ಒಂದು ಕಿಲೋ ಉದ್ದು ಹೆಚ್ಚೇ ಹಾಕಿ" ಎನ್ನುತ್ತಿದ್ದರು. ಆಗ ಅದು ನನಗೆ ಮಾವನ ಧಾರಾಳತನವಾಗಿ ಕಂಡಿತ್ತು. ಅದರ ಹಿಂದಿನ ಲೆಕ್ಕ ಅರ್ಥವಾದದ್ದು ಹದಿನೈದು ವರ್ಷಗಳ ನಂತರ, ಒಂದು ಆನ್‌ಲೈನ್ ಪಾಠದ ಮೂರನೆಯ ವಾರದಲ್ಲಿ.

ಆ ಲೆಕ್ಕವನ್ನು ನಿಧಾನವಾಗಿ ನೋಡೋಣ, ಏಕೆಂದರೆ ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದೇ. ದಿನಕ್ಕೆ ಸರಾಸರಿ 300 ಪ್ಲೇಟು ಇಡ್ಲಿ ಹೋಗುತ್ತದೆ ಎಂದಿಟ್ಟುಕೊಳ್ಳಿ. ಮಾರಾಟ ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಆಚೀಚೆ ಹೋಗುತ್ತದೆ ಎಂಬ ಏರಿಳಿತ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಶನ್, 40 ಪ್ಲೇಟು. ಒಂದು ಪ್ಲೇಟಿನ ಬೆಲೆ 40 ರೂಪಾಯಿ, ಹಿಟ್ಟಿನ ವೆಚ್ಚ 12 ರೂಪಾಯಿ. ಚಟ್ನಿ ಸಾಂಬಾರನ್ನು ಸದ್ಯಕ್ಕೆ ಮರೆಯೋಣ. 300 ಪ್ಲೇಟಿಗೆ ಸಾಲುವಷ್ಟು ಹಿಟ್ಟು ರುಬ್ಬುವುದೇ ಜಾಣತನ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಹಿಟ್ಟು ಕಡಿಮೆಯಾಗಿ ಒಬ್ಬ ಗಿರಾಕಿ ವಾಪಸು ಹೋದರೆ ನಷ್ಟ 28 ರೂಪಾಯಿ, ಹೆಚ್ಚಾಗಿ ಒಂದು ಪ್ಲೇಟಿನ ಹಿಟ್ಟು ಹುಳಿಯಾಗಿ ಹೋದರೆ ನಷ್ಟ 12 ರೂಪಾಯಿ. ಎರಡು ತಪ್ಪುಗಳ ಬೆಲೆ ಸಮವಲ್ಲದ ಮೇಲೆ ಸರಾಸರಿಗೆ ನಿಲ್ಲುವುದು ಸರಿಯಲ್ಲ. 28ನ್ನು 28 ಮತ್ತು 12ರ ಮೊತ್ತವಾದ 40ರಿಂದ ಭಾಗಿಸಿದರೆ 0.70 ಬರುತ್ತದೆ. ಅಂದರೆ ಹತ್ತು ದಿನಗಳಲ್ಲಿ ಏಳು ದಿನ ಸಾಲುವಷ್ಟು, ಮೂರು ದಿನ ಸಾಲದಷ್ಟು ಹಿಟ್ಟು ಮಾಡಬೇಕು. ಬೇಡಿಕೆ ಗಂಟೆಯಾಕಾರದ ನಾರ್ಮಲ್ ವಕ್ರರೇಖೆಯಂತೆ ಹರಡಿದೆ ಎಂದಿಟ್ಟುಕೊಂಡರೆ ಆ ಪ್ರಮಾಣ ಸುಮಾರು 321 ಪ್ಲೇಟು. ಮೂರು ದಿನ "ಇಡ್ಲಿ ಮುಗಿಯಿತು" ಎಂಬ ಹಲಗೆ ತೂಗುವುದು ಅವ್ಯವಸ್ಥೆಯಲ್ಲ, ಅದೂ ಯೋಜನೆಯ ಭಾಗವೇ ಎಂಬುದನ್ನು ಅರಗಿಸಿಕೊಳ್ಳಲು ನನಗೆ ಒಂದು ವಾರ ಹಿಡಿಯಿತು.

ಇನ್ನು ಉತ್ತಪ್ಪದ ವಿಷಯಕ್ಕೆ ಬರೋಣ. ಉಳಿದ ಹಿಟ್ಟು ಮರುದಿನ ಇಡ್ಲಿಗೆ ಬಾರದಿದ್ದರೂ ಸ್ವಲ್ಪ ಹುಳಿಯಾದ ಅದೇ ಹಿಟ್ಟಿನ ಮೇಲೆ ಈರುಳ್ಳಿ ಉದುರಿಸಿದರೆ ಒಳ್ಳೆಯ ಉತ್ತಪ್ಪವಾಗುತ್ತದೆ. ಅದರಿಂದ ಪ್ಲೇಟಿಗೆ 6 ರೂಪಾಯಿ ಮರಳಿ ಬಂದರೂ ಉಳಿಕೆಯ ನಷ್ಟ 12ರಿಂದ 6ಕ್ಕೆ ಇಳಿಯುತ್ತದೆ. ಅನುಪಾತ 28ನ್ನು 34ರಿಂದ ಭಾಗಿಸಿದಷ್ಟು, ಅಂದರೆ 0.82ಕ್ಕೆ ಏರುತ್ತದೆ, ಮಾಡಬೇಕಾದ ಪ್ರಮಾಣ ಸುಮಾರು 337 ಪ್ಲೇಟಾಗುತ್ತದೆ. ಉತ್ತಪ್ಪವನ್ನು ತಿನ್ನುವವರು ಯಾರೋ, ಆದರೆ ಅದು ಮೆನುವಿನಲ್ಲಿದೆ ಎಂಬ ಒಂದೇ ಕಾರಣಕ್ಕೆ ಇಡ್ಲಿಗೆಂದು ಹೆಚ್ಚು ಉದ್ದು ನೆನೆಸುವುದು ಲಾಭಕರ. ಸರಾಸರಿಗಿಂತ ಹೆಚ್ಚುವರಿಯಾದ ಆ 37 ಪ್ಲೇಟಿನ ಹಿಂದಿನ ತರ್ಕವೇ ಮಾವನ ಆ ಹೆಚ್ಚಿನ ಒಂದು ಕಿಲೋ ಉದ್ದಿನ ಹಿಂದೆಯೂ ಇತ್ತು. ಮಾವನಿಗೆ ಸ್ಟ್ಯಾಂಡರ್ಡ್ ಡೀವಿಯೇಶನ್ ಎಂಬ ಪದವೇ ಗೊತ್ತಿರಲಿಲ್ಲ.

ಇಂದಿನ ಪತ್ರಿಕೆಯೂ ಇಡ್ಲಿಯ ಹಿಟ್ಟಿನಂತೆ ನಾಳೆಗೆ ಬಾರದ ಸರಕಾದ್ದರಿಂದ ಪಾಠಗಳಲ್ಲಿ ಇದನ್ನು ಪತ್ರಿಕೆ ಮಾರುವವನ ಸಮಸ್ಯೆ ಎಂದು ಕರೆಯುತ್ತಾರೆ. ಇದರ ಮೂಲ ಇನ್ನೂ ಹಿಂದಕ್ಕೆ ಹೋಗುತ್ತದೆ: 1888ರಲ್ಲಿ ಎಜ್‌ವರ್ತ್ ಎಂಬ ಅರ್ಥಶಾಸ್ತ್ರಜ್ಞರು, ಬ್ಯಾಂಕೊಂದು ಠೇವಣಿದಾರರ ಬೇಡಿಕೆಗೆ ಎಷ್ಟು ನಗದನ್ನು ಕೈಯಲ್ಲಿಟ್ಟುಕೊಳ್ಳಬೇಕು ಎಂದು ಇದೇ ಧಾಟಿಯಲ್ಲಿ ಯೋಚಿಸಿದ್ದರು.

[ಪರದೆಯ ಮೇಲೆ: ಲಾರಿಯಿಂದ ಇಳಿಯುತ್ತಿರುವ ತೆಂಗಿನಕಾಯಿ]

ಕಾಯಿಯ ಕಥೆ ಬೇರೆ, ಏಕೆಂದರೆ ಅದನ್ನು ಕೂಡಿಡಬಹುದು. ದಿನಕ್ಕೆ 100 ಕಾಯಿ ಬೇಕು, ಏರಿಳಿತ 20, ಹೇಳಿದ ನಾಲ್ಕನೆಯ ದಿನ ಲೋಡು ತಪ್ಪದೆ ಬರುತ್ತದೆ ಎಂದಾದರೆ, ನೂರರಲ್ಲಿ 95 ಸಲ ಚಟ್ನಿಗೆ ಕೊರತೆಯಾಗದಿರಲು ಸುಮಾರು 66 ಕಾಯಿ ಹೆಚ್ಚುವರಿಯಾಗಿ ಇಟ್ಟರೆ ಸಾಕು. ಆದರೆ ಘಾಟಿಯ ಮಳೆಯಿಂದ ಲೋಡು ಬರುವ ದಿನದಲ್ಲೇ ಒಂದು ದಿನದಷ್ಟು ಏರುಪೇರು ಸೇರಿಕೊಂಡರೆ ಆ ಸಂಖ್ಯೆ 178ಕ್ಕೆ ಜಿಗಿಯುತ್ತದೆ. ಗಿರಾಕಿಗಳ ಚಂಚಲತೆಗಿಂತ ಲಾರಿಯ ಚಂಚಲತೆ ದುಬಾರಿ. ನವಾ ಶೇವಾ ಬಂದರಿನಿಂದ ಬಿಡಿಭಾಗ ತರಿಸುವ ಚಾಕಣದ ಕಾರ್ಖಾನೆಗೂ ಇದೇ ಸೂತ್ರ ಅನ್ವಯಿಸುತ್ತದೆ.

ಹಿಟ್ಟಿನಲ್ಲೇ ಅರ್ಧ ವಿಡಿಯೋ ಮುಗಿಯಿತೆಂದು ಕ್ಯಾಮೆರಾ ಹಿಂದಿನ ಮಿತ್ರರು ಗಡಿಯಾರ ತೋರಿಸುತ್ತಿದ್ದಾರೆ. ಆದ್ದರಿಂದ ಉಳಿದುದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಎಂಆರ್‌ಪಿ ಎಂಬ ಪದ ಬಂದಾಗ ಬಿಸ್ಕತ್ತಿನ ಪೊಟ್ಟಣವನ್ನು ತಿರುಗಿಸಿ ನೋಡಬೇಡಿ. ಇಲ್ಲಿ ಅದು ಮೆಟೀರಿಯಲ್ ರಿಕ್ವೈರ್‌ಮೆಂಟ್ಸ್ ಪ್ಲಾನಿಂಗ್, ಅಂದರೆ ನಾಳೆಯ 300 ಮಸಾಲೆ ದೋಸೆಯಿಂದ ಹಿಮ್ಮುಖವಾಗಿ ಆಲೂಗಡ್ಡೆಯವರೆಗೆ ಲೆಕ್ಕ ಬಿಡಿಸುವ ವಿಧಾನ. ಬುಲ್‌ವಿಪ್ ಪರಿಣಾಮವನ್ನು ಮಾತ್ರ ವಿಡಿಯೋ ನೋಡಿ ಕಲಿಯಲಾಗದು. ಚಾಟಿಯ ಹಿಡಿ ಸ್ವಲ್ಪ ಅಲುಗಿದರೆ ತುದಿ ರಭಸದಿಂದ ಹಾರುವಂತೆ, ಅಂಗಡಿಯಲ್ಲಿ ಬೇಡಿಕೆ ತುಸು ಹೆಚ್ಚಿದರೆ ಕಾರ್ಖಾನೆಗೆ ತಲುಪುವ ಆರ್ಡರು ಹುಚ್ಚಾಪಟ್ಟೆ ಏರಿಳಿಯುತ್ತದೆ. ಇದನ್ನು ಅನುಭವಕ್ಕೆ ತರಲೆಂದೇ 1960ರ ಆಸುಪಾಸಿನಲ್ಲಿ ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿ ಬಿಯರ್ ಗೇಮ್ ಎಂಬ ಆಟ ರೂಪುಗೊಂಡಿತು; ಅಂಗಡಿಯಿಂದ ಕಾರ್ಖಾನೆಯವರೆಗಿನ ನಾಲ್ಕು ಪಾತ್ರಗಳನ್ನು ಆಟಗಾರರು ಹಂಚಿಕೊಂಡು ಆರ್ಡರು ಕೊಡುತ್ತಾ ಹೋಗುವ ಆಟ ಅದು. ಅದರ ಕಂಪ್ಯೂಟರ್ ರೂಪವನ್ನು ನಾಲ್ವರು ಗೆಳೆಯರು ಡೊಂಬಿವಲಿಯ ನಮ್ಮ ಮನೆಯಲ್ಲಿ ಕುಳಿತು ಆಡಿದೆವು. ಬೇಡಿಕೆ ಒಮ್ಮೆ ಮಾತ್ರ ಏರಿ ಹಾಗೆಯೇ ನಿಂತಿತ್ತು. ನಾವು ಪರಸ್ಪರ ಬೈದುಕೊಳ್ಳುವ ಹಂತಕ್ಕೆ ತಲುಪಿದ್ದೆವು.

ತರಬೇತಿಗಳ ವಿಷಯ. ಐಐಟಿಗಳ ಪಾಠಗಳಿರುವ ಎನ್‌ಪಿಟಿಇಎಲ್ ಮತ್ತು ಕೇಂದ್ರ ಸರ್ಕಾರದ ಸ್ವಯಂ ವೇದಿಕೆಗಳಲ್ಲಿ ಪಾಠ ಉಚಿತ, ಪರೀಕ್ಷೆಗೆ ಮಾತ್ರ ಶುಲ್ಕ; ಪರೀಕ್ಷೆಯನ್ನು ಕೇಂದ್ರಕ್ಕೆ ಹೋಗಿಯೇ ಬರೆಯಬೇಕಾದ್ದರಿಂದ ಓದದೆ ವಿಧಿಯಿಲ್ಲ. ಎಂಐಟಿಯ ಮೈಕ್ರೋಮಾಸ್ಟರ್ಸ್ ಎಂಬ ಆನ್‌ಲೈನ್ ತರಬೇತಿಯಲ್ಲಿ ಐದು ಪಾಠಕ್ರಮಗಳು ಮತ್ತು ಒಂದು ಸಮಗ್ರ ಪರೀಕ್ಷೆಯಿವೆ, ಗಣಿತ ಧಾರಾಳವಾಗಿದೆ. ಹಿಂದೆ ಎಪಿಐಸಿಎಸ್ ಎನಿಸಿಕೊಂಡಿದ್ದ, 1957ರಲ್ಲಿ ಹುಟ್ಟಿದ, ಈ ವೃತ್ತಿಯವರ ಅಮೆರಿಕದ ಎಎಸ್‌ಸಿಎಂ ಸಂಸ್ಥೆಯ ಸಿಪಿಐಎಂ (ಪ್ಲಾನಿಂಗ್ ಮತ್ತು ದಾಸ್ತಾನು ನಿರ್ವಹಣೆಯದು) ಮತ್ತು ಸಿಎಸ್‌ಸಿಪಿ (ಇಡೀ ಸಪ್ಲೈ ಚೈನಿನದು) ಪ್ರಮಾಣಪತ್ರಗಳು ಕಂಪನಿಗಳಿಗೆ ಪರಿಚಿತ; ಆದರೆ ಶುಲ್ಕ ಕಡಿಮೆಯೇನಲ್ಲ, ಐದು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಲೂ ಬೇಕು. ನಾನು ಮೊದಲು ಸೇರಿದ್ದ ಕೋರ್ಸಿನ ಪಾಠಗಳನ್ನೆಲ್ಲ ಲೋಕಲ್ ರೈಲಿನಲ್ಲಿ ನಿಂತು, ಒಂದೂವರೆ ಪಟ್ಟು ವೇಗದಲ್ಲಿ ಮೂರೇ ವಾರಗಳಲ್ಲಿ ನೋಡಿ ಮುಗಿಸಿ, ಮೊದಲ ಅಸೈನ್‌ಮೆಂಟಿನ ಎರಡನೆಯ ಪ್ರಶ್ನೆಗೇ ಮುಗ್ಗರಿಸಿದ್ದೆ. ಕೈಯಾರೆ ಲೆಕ್ಕ ಮಾಡಿಸದ ಕೋರ್ಸಿಗೆ ದುಡ್ಡು ಕೊಡಬೇಡಿ ಎಂದು ಹೇಳುವ ಹಕ್ಕನ್ನು ನಾನು ಆ ಸೋಲಿನಿಂದ ಗಳಿಸಿದ್ದೇನೆ.

ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಗೆ ಹೋಗಿ ಕಲಿತವರ ಊರು ಈ ಮುಂಬಯಿ. ಅವರಿಗೆ ಬೆಂಚಿನ ಪಕ್ಕದಲ್ಲಿ ಕುಳಿತವನ ಪಟ್ಟಿ ಇಣುಕಿ ನೋಡುವ ಅನುಕೂಲವಿತ್ತು. ಪರದೆಯ ಮುಂದೆ ಒಬ್ಬರೇ ಕುಳಿತವರಿಗೆ ಅದಿಲ್ಲ. ಆದ್ದರಿಂದ ಭಿವಂಡಿಯ ಗೆಳೆಯರೆ, ಸಾಧ್ಯವಾದರೆ ಗೋದಾಮಿನ ಇನ್ನೊಬ್ಬರನ್ನೂ ಜೊತೆಗೆ ಸೇರಿಸಿಕೊಳ್ಳಿ. ಎಂಟು ವರ್ಷಗಳ ಇನ್‌ವರ್ಡ್ ರಿಜಿಸ್ಟರು ನಿಮ್ಮ ಬಳಿಯಿದೆ, ಅದು ಯಾವ ಕೋರ್ಸೂ ಕೊಡಲಾಗದ ಪಠ್ಯ. ಫೀಸು ಕಟ್ಟುವ ಮೊದಲು ಒಂದೇ ಒಂದು ಸರಕನ್ನು ಆರಿಸಿಕೊಂಡು, ಬರುತ್ತದೆ ಎಂದಿದ್ದ ದಿನ ಮತ್ತು ನಿಜವಾಗಿ ಬಂದ ದಿನ ಎಂಬ ಎರಡು ಕಾಲಂ ಬರೆಯಿರಿ. ಇಡ್ಲಿ ಮತ್ತು ಕಾಯಿಯ ಲೆಕ್ಕದ ಎಕ್ಸೆಲ್ ಕಡತ ಈ ವಿಡಿಯೋದ ಕೆಳಗಿದೆ. ಹಳದಿ ಬಣ್ಣದ ಕೋಶಗಳಲ್ಲಿ ಮಾವನ ಹೋಟೆಲಿನ ಅಂಕಿಗಳನ್ನು ಅಳಿಸಿ ನಿಮ್ಮ ಅಂಕಿಗಳನ್ನು ತುಂಬಿ.