ಲ್ಯಾಪ್‌ಟಾಪ್ ತೆರೆಯೋ ಮೊದಲು ಕಾರಿನ ಬ್ಯಾಟರಿ ನೋಡಿ

ನಮಸ್ಕಾರ. ಇವತ್ತಿನ ಮಾತು ಮುಖ್ಯವಾಗಿ ಫೋರ್ಡ್ ಇಟ್ಟುಕೊಂಡಿರೋರಿಗೆ. 2021ರ ಸೆಪ್ಟೆಂಬರ್‌ನಲ್ಲಿ ಕಂಪನಿ ಭಾರತದಲ್ಲಿ ಕಾರು ತಯಾರಿಸೋದು ನಿಲ್ಲಿಸ್ತೀವಿ ಅಂದಿತು. ಸರ್ವಿಸು, ಸ್ಪೇರ್ ಪಾರ್ಟು ಇರುತ್ತೆ ಅಂತಲೂ ಹೇಳಿತು, ಸರಿ. ಆದರೆ ಊರಿನ ಹತ್ತಿರ ಸರ್ವಿಸ್ ಸೆಂಟರ್ ಇಲ್ಲದೋರ ಕೈಗೆ ಬಂದ ಆಯುಧ ಫೋರ್‌ಸ್ಕ್ಯಾನ್, ಅಂದ್ರೆ ಕಾರಿನ ಒಳಗಿನ ಚಿಕ್ಕ ಕಂಪ್ಯೂಟರುಗಳ (ಮಾಡ್ಯೂಲ್‌ಗಳ) ಜೊತೆ ಲ್ಯಾಪ್‌ಟಾಪಿಂದ ಮಾತಾಡೋ ಸಾಫ್ಟ್‌ವೇರ್. ಇದು ಕಂಪನಿಯ ಸಾಫ್ಟ್‌ವೇರ್ ಅಲ್ಲ, ಆದರೆ ಕಂಪನಿಯ ಟೂಲ್ ಮಾಡೋ ಕೆಲಸದಲ್ಲಿ ಬಹುಪಾಲು ಮಾಡುತ್ತೆ. ನನ್ನ ವಾದ ಇಷ್ಟೇ: ಓದೋದಕ್ಕೆ ಇದನ್ನು ಧಾರಾಳವಾಗಿ ಬಳಸಿ. ಬರೆಯೋದಕ್ಕೆ, ಅಂದ್ರೆ ಮಾಡ್ಯೂಲ್ ಒಳಗಿನದ್ದನ್ನು ಬದಲಾಯಿಸೋದಕ್ಕೆ, ಮಾತ್ರ ಕೈ ನಡುಗಲಿ.

ಮೊದಲು ಅಡಾಪ್ಟರ್, ಕಾರಿನ ಡಯಾಗ್ನೋಸ್ಟಿಕ್ ಸಾಕೆಟ್ಟಿಗೆ ಲ್ಯಾಪ್‌ಟಾಪ್ ಜೋಡಿಸೋ ಡಬ್ಬಿ. ಫೋರ್ಡ್‌ನಲ್ಲಿ ಮಾಡ್ಯೂಲ್‌ಗಳು ಮಾತಾಡೋ ಲೈನು ಎರಡು. ಎಂಜಿನ್, ಎಬಿಎಸ್ ತರದ್ದು ಆ ಸಾಕೆಟ್ಟಿನ 6 ಮತ್ತು 14ನೇ ಪಿನ್ನಿನಲ್ಲಿ, ಸೆಕೆಂಡಿಗೆ 500 ಕಿಲೋಬಿಟ್. ಎಸಿ, ಆಡಿಯೋ ತರದ ಬಾಡಿ ಕಡೆಯ ಮಾಡ್ಯೂಲ್‌ಗಳು ತುಂಬ ಮಾಡೆಲ್‌ಗಳಲ್ಲಿ 3 ಮತ್ತು 11ರಲ್ಲಿ, 125 ಕಿಲೋಬಿಟ್. ಅಗ್ಗದ ನೀಲಿ ಬ್ಲೂಟೂತ್ ಡಬ್ಬಿ ಎರಡನೇ ಲೈನನ್ನು ಮುಟ್ಟೋದೇ ಇಲ್ಲ. ಆಗ ಅರ್ಧ ಕಾರು ಸ್ಕ್ಯಾನ್ ಆಗಿರುತ್ತೆ, ನೀವು ಪೂರ್ತಿ ಆಯ್ತು ಅಂದುಕೊಂಡಿರ್ತೀರಿ. ಎರಡೂ ಲೈನಿಗೆ ತಾನೇ ಬದಲಾಗೋ ಯುಎಸ್‌ಬಿ ಅಡಾಪ್ಟರ್ ತಗೊಳ್ಳಿ. ಇಲ್ಲಿ ಉಳಿಸಿದ ದುಡ್ಡು ಮುಂದೆ ಬಡ್ಡಿ ಸಮೇತ ಹೋಗುತ್ತೆ.

ಸ್ಕ್ಯಾನ್ ಮಾಡಿದಾಗ ಐದಾರು ಮಾಡ್ಯೂಲ್‌ನಲ್ಲಿ ಯು ಅಕ್ಷರದ ಕೋಡುಗಳು (ಮಾಡ್ಯೂಲ್‌ಗಳ ನಡುವೆ ಮಾತು ಕಡಿದಿದೆ ಅನ್ನೋ ತಪ್ಪಿನ ಸಂಕೇತ) ಒಟ್ಟಿಗೆ ಕಂಡ್ರೆ ಗಾಬರಿ ಬೇಡ. ಎಲ್ಲ ಮಾಡ್ಯೂಲ್‌ಗಳೂ ಒಂದೇ ದಿನ ಸಾಯೋಲ್ಲ. ಮಲ್ಟಿಮೀಟರ್ ತಗೊಂಡು ಬ್ಯಾಟರಿ ನೋಡಿ. ಗಾಡಿ ಕೆಲ ಗಂಟೆ ನಿಂತ ಮೇಲೆ 12.6 ವೋಲ್ಟ್ ಆಸುಪಾಸು ಇರಬೇಕು, ಸ್ಟಾರ್ಟ್ ಮಾಡುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಬಿದ್ದರೆ ಬ್ಯಾಟರಿ, ಟರ್ಮಿನಲ್ಲು, ಅರ್ಥ್ ವೈರು ಸರಿ ಮಾಡಿ, ಆಮೇಲೆ ಮತ್ತೆ ಸ್ಕ್ಯಾನ್ ಮಾಡಿ.

ಇನ್ನೊಂದು, ಕೋಡ್ ಕಂಡ ತಕ್ಷಣ ಅಳಿಸೋ ಚಟ. ದಯವಿಟ್ಟು ಬಿಡಿ. ಕೋಡಿನ ಜೊತೆಗೇ ಫ್ರೀಜ್ ಫ್ರೇಮ್ ಇರುತ್ತೆ: ತಪ್ಪು ನಡೆದ ಕ್ಷಣದಲ್ಲಿ ಎಂಜಿನ್ ಎಷ್ಟು ಬಿಸಿ, ಎಷ್ಟು ಆರ್‌ಪಿಎಂ, ಎಷ್ಟು ಲೋಡ್. ಅಳಿಸಿದ್ರೆ ಸಾಕ್ಷಿಯೇ ಮಾಯ. ಮೊದಲು ಸೇವ್ ಮಾಡಿಕೊಳ್ಳಿ.

ಪಿ0171 ಅನ್ನೋ ಕೋಡ್ ತಗೊಳ್ಳಿ. ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಅಂತ ಅರ್ಥ. ಇದನ್ನು ನೋಡಿ ಆಕ್ಸಿಜನ್ ಸೆನ್ಸರ್ ಬದಲಾಯಿಸೋರು ಎಷ್ಟೋ ಜನ. ಆ ಸೆನ್ಸರ್ ಚಾಡಿ ಹೇಳಿದ್ದು ಅಷ್ಟೇ, ಕಳ್ಳ ಬೇರೆ. ಶಾರ್ಟ್ ಟರ್ಮ್, ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ (ಪೆಟ್ರೋಲನ್ನು ಕಂಪ್ಯೂಟರ್ ಶೇಕಡಾ ಎಷ್ಟು ಏರಿಸ್ತಿದೆ, ಇಳಿಸ್ತಿದೆ ಅನ್ನೋ ಲೆಕ್ಕ) ಎರಡನ್ನೂ ಕೂಡಿಸಿ ನೋಡಿ. ಐಡಲ್‌ನಲ್ಲಿ ಪ್ಲಸ್ 20, 2,500 ಆರ್‌ಪಿಎಂನಲ್ಲಿ ಪ್ಲಸ್ 3 ಬಂದರೆ ಇನ್‌ಟೇಕ್ ಕಡೆ ಎಲ್ಲೋ ಗಾಳಿ ಸೋರ್ತಿದೆ: ಹೋಸು, ಗ್ಯಾಸ್ಕೆಟ್ಟು, ಬ್ರೇಕ್ ಬೂಸ್ಟರ್ ಪೈಪು. ಐಡಲ್‌ನಲ್ಲಿ ಸರಿಯಿದ್ದು, ಲೋಡ್ ಬಿದ್ದಾಗ ಏರಿದರೆ ಪಂಪು, ಫಿಲ್ಟರ್ ಅಥವಾ ಕೊಳೆ ಹಿಡಿದ ಏರ್‌ಫ್ಲೋ ಸೆನ್ಸರ್ (ಒಳಗೆ ಹೋಗೋ ಗಾಳಿ ಅಳೆಯೋದು). ಅಂದಹಾಗೆ ಈ ಲೆಕ್ಕ ಏರ್‌ಫ್ಲೋ ಸೆನ್ಸರ್ ಇರೋ ಎಂಜಿನ್ನಿಗೆ. ಬರೀ ಮ್ಯಾಪ್ (ಇನ್‌ಟೇಕ್ ಒತ್ತಡ ಅಳೆಯೋ) ಸೆನ್ಸರ್ ಇರೋದಕ್ಕೆ ನೇರವಾಗಿ ಹೊಂದೋಲ್ಲ.

ನನ್ನ ಕಣ್ಣಲ್ಲಿ ಈ ಸಾಫ್ಟ್‌ವೇರಿನ ನಿಜವಾದ ಬೆಲೆ ಆಕ್ಟಿವ್ ಟೆಸ್ಟ್‌ನಲ್ಲಿದೆ. ಎಂಜಿನ್ ಹೀಟ್ ಆಗ್ತಿದೆ, ರೇಡಿಯೇಟರ್ ಫ್ಯಾನ್ ತಿರುಗ್ತಿಲ್ಲ ಅಂದುಕೊಳ್ಳಿ. ಲ್ಯಾಪ್‌ಟಾಪಿಂದ ಫ್ಯಾನ್ ಆನ್ ಮಾಡಿ. ತಿರುಗಿದರೆ ಮೋಟರು, ರಿಲೇ, ವೈರಿಂಗು ಮೂರೂ ಪಾಸು; ಟೆಂಪರೇಚರ್ ಸೆನ್ಸರ್ ಓದ್ತಿರೋದು ನಿಜವೋ ಸುಳ್ಳೋ ಅಂತ ನೋಡಿ. ತಿರುಗದಿದ್ದರೆ ಫ್ಯೂಸ್, ರಿಲೇ, ಕೊನೆಗೆ ಮೋಟರಿಗೆ ನೇರ 12 ವೋಲ್ಟ್. ಒಂದು ಪಾರ್ಟೂ ಕೊಳ್ಳದೆ ಅರ್ಧ ಅನುಮಾನ ಕಳೆದುಹೋಗುತ್ತೆ.

ಈಗ ಬರೆಯೋ ವಿಷಯ. ಇಗ್ನಿಷನ್ ಆನ್, ಎಂಜಿನ್ ಆಫ್ ಇದ್ದಾಗಲೂ ಕಾರು ಹತ್ತಾರು ಆಂಪ್ ಎಳೆಯಬಹುದು. ಮಾಡ್ಯೂಲಿಗೆ ಫರ್ಮ್‌ವೇರ್ (ಅದರ ಒಳಗಿನ ಪ್ರೋಗ್ರಾಂ) ಬರೆಯುವಾಗ ವೋಲ್ಟೇಜ್ ಕುಸಿದರೆ ಆ ಮಾಡ್ಯೂಲ್ ಸತ್ತು ಇಟ್ಟಿಗೆ ಆಗಬಹುದು. ಮನೆಯ 4 ಆಂಪ್ ಚಾರ್ಜರ್ ಇದಕ್ಕೆ ಸಾಲದು, 13.5 ವೋಲ್ಟನ್ನು ಅಲುಗಾಡದೆ ಕೊಡೋ, 30 ಆಂಪಿಗಿಂತ ಹೆಚ್ಚು ತಾಳೋ ಸಪ್ಲೈ ಬೇಕು. ಲ್ಯಾಪ್‌ಟಾಪಿನ ಸ್ಲೀಪ್ ಆಫ್ ಮಾಡಿ, ಬ್ಲೂಟೂತಲ್ಲಿ ಬರೆಯೋಕೆ ಹೋಗಬೇಡಿ. ಕಾನ್ಫಿಗರೇಷನ್ ಬದಲಾಯಿಸೋ ಮೊದಲು ಪ್ರತಿ ಮಾಡ್ಯೂಲಿನ ಹಳೇ ಡೇಟಾ ಫೈಲಾಗಿ ಉಳಿಸಿ, ಒಂದು ಕಾಪಿ ಪೆನ್‌ಡ್ರೈವ್‌ಗೆ. ಒಂದು ಸಲಕ್ಕೆ ಒಂದೇ ಬದಲಾವಣೆ.

ಬಿಎಸ್6 ಡೀಸೆಲ್‌ನಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯೋ ಫಿಲ್ಟರ್) ರೀಜನರೇಷನ್, ಅಂದ್ರೆ ಆ ಮಸಿ ಸುಡೋದನ್ನು, ಬಲವಂತವಾಗಿ ಮಾಡಿಸೋರು ಗಾಡಿಯನ್ನು ಬಯಲಲ್ಲಿ ನಿಲ್ಲಿಸಿ, ಕೆಳಗೆ ಒಣಹುಲ್ಲು ಇರಬಾರದು. ಫಿಲ್ಟರ್ ಒಳಗೆ 600 ಡಿಗ್ರಿ ದಾಟುತ್ತೆ. ಮಸಿ ಮಿತಿ ಮೀರಿದೆ ಅಂತ ಸಾಫ್ಟ್‌ವೇರ್ ಬೇಡ ಅಂದರೆ ಹಠ ಮಾಡಬೇಡಿ, ಒಳಗಿನ ಸೆರಾಮಿಕ್ ಸೀಳುತ್ತೆ.

ಇನ್ನು ಕೀ ಪ್ರೋಗ್ರಾಮಿಂಗ್, ಅಂದ್ರೆ ಕೀಯ ಗುರುತನ್ನು ಕಾರಿಗೆ ಕಲಿಸೋದು. ಹಳೇ ಕೀಗಳನ್ನು ಅಳಿಸೋ ಆಯ್ಕೆ ಒತ್ತಿದ್ರೆ ಎಲ್ಲ ಕೀಗಳೂ ಹೋಗ್ತವೆ, ಕೈಯಲ್ಲಿರೋದೂ ಸೇರಿ. ಬಹಳಷ್ಟು ಫೋರ್ಡ್‌ಗಳು ಆಮೇಲೆ ಕನಿಷ್ಠ ಎರಡು ಕೀ ಕಲಿಸೋವರೆಗೂ ಸ್ಟಾರ್ಟ್ ಆಗಲ್ಲ. ಎರಡನೇ ಕೀ ಮುಂದೆ ಇಟ್ಟುಕೊಳ್ಳದೆ ಒತ್ತಿದೋರು ಟೋಯಿಂಗ್ ಗಾಡಿಯ ನಂಬರನ್ನೂ ಹುಡುಕಿ ಇಟ್ಟುಕೊಂಡಿರಬೇಕು.