ಕಾಯಿಗೆ ತೊಡಿಸಿದ ಕುಲಾವಿ

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಬಸ್ಸು ಹಿಡಿದು ಶಿವಮೊಗ್ಗಕ್ಕೆ ಬಂದಿದ್ದೀರಿ. ಚೀಲದಲ್ಲಿರುವ ಉಲ್ಲನ್ ಉಂಡೆ ನೆನೆದಿಲ್ಲ ಅಲ್ವಾ?

ಇದನ್ನು ನೋಡಿ. ನಾನು ಮೊದಲು ಹೆಣೆದ ಕುಲಾವಿ. ತಂಗಿ ಮಗುವಿನ ತೊಟ್ಟಿಲು ಶಾಸ್ತ್ರಕ್ಕೆ ಅಂತ ಶುರು ಮಾಡಿದ್ದೆ. ಮುಗಿಯುವಾಗ ಮಗುವಿಗೆ ಮೂರು ತಿಂಗಳು. ಕುಲಾವಿ ನೆತ್ತಿಯಿಂದ ಕೆಳಗಿಳಿಯಲಿಲ್ಲ. ಅಮ್ಮ ಅದನ್ನು ತೆಗೆದುಕೊಂಡು ಹೋಗಿ ಸುಲಿದ ತೆಂಗಿನಕಾಯಿಗೆ ತೊಡಿಸಿದರು. ಜುಟ್ಟು ಸಮೇತ ಸರಿಯಾಗಿ ಕೂತಿತು!

ಹೊಸಬರ ಕೈ ಬಿಗಿ. ಕುಣಿಕೆ ಜಾರಿಬಿಟ್ಟರೆ ಅನ್ನುವ ಹೆದರಿಕೆಗೆ ನೂಲನ್ನು ಎಳೆದೆಳೆದು ಹಾಕುತ್ತೇವೆ. ಅದೊಂದು ತಪ್ಪು. ಇನ್ನೊಂದು, ನಾನು ಆಗ ತಾನೇ ಹುಟ್ಟಿದ ಮಗುವಿನ ಅಳತೆ ಹಿಡಿದಿದ್ದೆ. ಹುಟ್ಟಿದಾಗ ತಲೆಯ ಸುತ್ತಳತೆ ಸುಮಾರು 35 ಸೆಂಟಿಮೀಟರ್, ಆರು ತಿಂಗಳಿಗೆ 43ರ ಹತ್ತಿರ. ನಮ್ಮ ಕಡ್ಡಿಗಿಂತ ಮಗು ಜೋರು. ಅದಕ್ಕೇ ಆರು ತಿಂಗಳು ಮುಂದಿನ ತಲೆಗೆ ಹೆಣೆಯಿರಿ. ಆಷಾಢದಲ್ಲಿ ಹುಟ್ಟಿದ ಮಗುವಿಗೆ ಪುಷ್ಯದಲ್ಲಿ ಆರು ತಿಂಗಳು. ಮಲೆನಾಡಿನ ಚಳಿಗೆ ಕುಲಾವಿ ಬೇಕಾಗುವುದೂ ಆಗಲೇ.

4 ಮಿಲಿಮೀಟರಿನ ಕಡ್ಡಿ, ಮಧ್ಯಮ ದಪ್ಪದ ನೂಲು ಸಾಕು. ಮೊದಲು 30 ಕುಣಿಕೆ ಹಾಕಿ ಅಂಗೈಯಷ್ಟು ಹೆಣೆದು, ನಡುವಿನ 10 ಸೆಂಟಿಮೀಟರಿನಲ್ಲಿ ಎಷ್ಟು ಕುಣಿಕೆ ಇವೆ ಅಂತ ಎಣಿಸಿ. 22 ಬಂತು ಅಂದುಕೊಳ್ಳಿ. ಹೆಣಿಗೆ ಹಿಗ್ಗುತ್ತದೆ, ಹಾಗಾಗಿ 43ರ ತಲೆಗೆ 40 ಸಾಕು. ಅಂದರೆ 88 ಕುಣಿಕೆ. ಮೊದಲ ಸಾಲನ್ನು ಎರಡು ಕಡ್ಡಿ ಜೋಡಿಸಿಕೊಂಡು ಹಾಕಿ, ಅಂಚು ಸಡಿಲ ಬರುತ್ತದೆ. ಆಮೇಲೆ ಪ್ರತಿ ಸಾಲೂ ಸೀದಾ, ಅಂದರೆ ನೂಲು ಕಡ್ಡಿಯ ಹಿಂದಿಟ್ಟುಕೊಂಡು ಹೆಣೆಯುವುದು. ನೂಲು ಮುಂದಿಟ್ಟುಕೊಂಡು ಹೆಣೆಯುವ ಉಲ್ಟಾ ಈಗ ಬೇಡ. ಬರೀ ಸೀದಾ ಹೆಣೆದರೆ ಅಂಚು ಸುರುಳಿ ಸುತ್ತುವುದಿಲ್ಲ. 18 ಸೆಂಟಿಮೀಟರ್ ಆದ ಮೇಲೆ ಎಲ್ಲ ಕುಣಿಕೆಗೂ ನೂಲು ಪೋಣಿಸಿ ಎಳೆದು ಕಟ್ಟಿ, ಪಕ್ಕ ಹೊಲಿದುಬಿಡಿ.

ನೂಲಿನ ವಿಷಯ. ಕಂಬಳಿ ಉಣ್ಣೆ ನಮ್ಮ ಬೆನ್ನಿಗೇ ಚುಚ್ಚುತ್ತದೆ, ಕೂಸಿಗೆ ಬೇಡವೇ ಬೇಡ. ಹತ್ತಿ ಮೆತ್ತಗಿರುತ್ತದೆ, ಆದರೆ ನಮ್ಮ ಮಳೆಗಾಲದಲ್ಲಿ ಬೇಗ ಒಣಗುವುದಿಲ್ಲ. ಅಕ್ರಿಲಿಕ್ ಅಗ್ಗ, ಒಗೆಯುವುದೂ ಸುಲಭ. ಬಚ್ಚಲೊಲೆಯಿಂದ ಮಾತ್ರ ದೂರ ಇಡಿ. ನಾನು ಒಮ್ಮೆ ಪುಟ್ಟ ಕಾಲುಚೀಲವನ್ನು ಒಲೆಯ ಕಟ್ಟೆ ಮೇಲೆ ಒಣಗಲು ಇಟ್ಟು ಮರೆತೆ. ಒಂದು ಬದಿ ಕರಗಿ ಪ್ಲಾಸ್ಟಿಕ್ ಚಕ್ಕೆಯಂತೆ ಆಗಿತ್ತು. ನಯವಾದ ಉಣ್ಣೆ ಕೊಂಡರೆ ಹಂಡೆಯ ಬಿಸಿನೀರಿಗೆ ಹಾಕಬೇಡಿ, ಕುಗ್ಗಿ ಗಟ್ಟಿಯಾಗುತ್ತದೆ.

ಗುಂಡಿ, ಮಣಿ, ಕಟ್ಟುವ ದಾರ ಏನೂ ಬೇಡ. ಮಗುವಿನ ಕೈಗೆ ಸಿಕ್ಕಿದ್ದೆಲ್ಲ ಬಾಯಿಗೇ. ಕಾಲುಚೀಲದ ಒಳಗೆ ಎಳೆ ನೇತಾಡುತ್ತಿದ್ದರೆ ಬೆರಳಿಗೆ ಸುತ್ತಿಕೊಳ್ಳುತ್ತದೆ, ಒಳಮಗ್ಗುಲು ತಿರುಗಿಸಿ ನೋಡಿ. ಮನೆಯೊಳಗೆ ಮಲಗಿಸುವಾಗ ಕುಲಾವಿ ತೆಗೆಯಿರಿ, ಸೆಕೆಯಾಗುತ್ತದೆ. ಹಿರಿಯರು ಗೊಣಗಿದರೆ ಗೊಣಗಲಿ.

ಸರಿ, ಕಡ್ಡಿ ತೆಗೆಯಿರಿ. 30 ಕುಣಿಕೆ. ಹಿಂದೆ ಕೂತವರು ಕಿಟಕಿ ಹತ್ತಿರ ಬನ್ನಿ, ಕರೆಂಟ್ ಯಾವಾಗ ಹೋಗುತ್ತೋ. ಅಜ್ಜೀ, ಅಷ್ಟು ಎಳೆಯಬೇಡಿ!