ಒಂದು ತಳಿ, ಮೂರು ಮನೆ: ಮಲೆನಾಡಿನ ಹೂದೋಟ ಬಳಗದ ವರ್ಷ

ಎಲ್ಲರಿಗೂ ನಮಸ್ಕಾರ.

ಹೂದೋಟದ ಬಳಗ ಅಂದ ಕೂಡಲೇ ಹೆಚ್ಚಿನವರ ಕಣ್ಣಮುಂದೆ ಬರುವುದು ಜನವರಿಯ ಫಲಪುಷ್ಪ ಪ್ರದರ್ಶನ. ಗಣರಾಜ್ಯೋತ್ಸವದ ಹೊತ್ತಿಗೆ ತೋಟಗಾರಿಕೆ ಇಲಾಖೆ ಶಿವಮೊಗ್ಗದಲ್ಲಿ ನಡೆಸುವ ಆ ಪ್ರದರ್ಶನಕ್ಕೆ ನಾಲ್ಕು ಕುಂಡ ಒಯ್ದಿಟ್ಟರೆ ವರ್ಷದ ಕೆಲಸ ಮುಗಿಯಿತು ಎಂದುಕೊಳ್ಳುವುದು ಸುಲಭ. ಆದರೆ ಮಲೆನಾಡಿನಲ್ಲಿ ಬಳಗದ ವರ್ಷ ಶುರುವಾಗುವುದು ಮೇ ತಿಂಗಳ ಅಡ್ಡಮಳೆಯ ಜೊತೆಗೆ. ಅದರ ಮುಖ್ಯ ಕೆಲಸ ಗೆಡ್ಡೆ, ಬೀಜ, ಕಡ್ಡಿಗಳನ್ನು ಮನೆಯಿಂದ ಮನೆಗೆ ದಾಟಿಸುವುದು. ಒಂದು ತಳಿ ಒಂದೇ ಹಿತ್ತಿಲಲ್ಲಿದ್ದರೆ ಒಂದು ಜೋರು ಮಳೆಗಾಲಕ್ಕೆ ಕೊಳೆತು ಹೋಗುತ್ತದೆ. ಮೂರು ಮನೆಯಲ್ಲಿದ್ದರೆ ಎಲ್ಲಾದರೂ ಒಂದು ಕಡೆ ಉಳಿಯುತ್ತದೆ. ಆದರೆ ಗಿಡ ದಾಟುವ ದಾರಿಯಲ್ಲೇ ರೋಗವೂ ದಾಟುತ್ತದೆ. ಹಾಗಾಗಿ ಹಂಚುವ ಕೆಲಸಕ್ಕೆ ಕ್ರಮ ಬೇಕು.

ಮೊದಲು ಡೇರೆ ಹೂವಿನ, ಅಂದರೆ ಡೇಲಿಯಾದ ವಿಷಯ. ಮಲೆನಾಡಿನ ಅಂಗಳಕ್ಕೆ ಡೇರೆ ಹೂವಿನಷ್ಟು ಒಗ್ಗಿಕೊಂಡ ಹೊರನಾಡಿನ ಗಿಡ ಇನ್ನೊಂದಿಲ್ಲ. ಅದರ ತವರು ಮೆಕ್ಸಿಕೋದ ಎತ್ತರದ ಗುಡ್ಡಗಾಡು. ತಂಪು ಅದಕ್ಕೆ ಇಷ್ಟ, ಬುಡದಲ್ಲಿ ನಿಲ್ಲುವ ನೀರು ಆಗದು. ನಮ್ಮಲ್ಲಿ ತಂಪೂ ಇದೆ, ನೀರೂ ಇದೆ. ಡೇರೆ ಬೆಳೆಸುವವರ ಕಷ್ಟವೆಲ್ಲ ಇಲ್ಲೇ ಇರುವುದು.

ಗೆಡ್ಡೆ ಹಂಚುವಾಗ ಎಲ್ಲಕ್ಕಿಂತ ಹೆಚ್ಚು ಆಗುವ ತಪ್ಪು ಒಂದಿದೆ. ಗೆಡ್ಡೆ ದಪ್ಪಗೆ, ಚೆಂದಕ್ಕೆ ಇದ್ದರೆ ಸಾಕು ಎಂದು ಮುರಿದು ಕೊಟ್ಟುಬಿಡುತ್ತೇವೆ. ಆಲೂಗಡ್ಡೆಗೆ ಮೈತುಂಬ ಕಣ್ಣಿರುತ್ತದೆ, ಡೇರೆಗೆ ಹಾಗಲ್ಲ. ಹಳೆಯ ಕಾಂಡ ಗೆಡ್ಡೆಗೆ ಸೇರುವ ಕುತ್ತಿಗೆಯಲ್ಲಿ ಮಾತ್ರ ಕಣ್ಣು. ಕುತ್ತಿಗೆ ಮುರಿದ ಗೆಡ್ಡೆಯನ್ನು ಎಂಥ ಗೊಬ್ಬರದಲ್ಲಿ ಹುಗಿದರೂ ಅದು ಬೇರು ಬಿಡಬಹುದು, ಚಿಗುರು ಮಾತ್ರ ಬಾರದು. ಪ್ರತಿ ತುಂಡಿಗೂ ಹಳೆಯ ಕಾಂಡದ ಒಂದಿಷ್ಟು ಬುಡ, ಅದರಲ್ಲಿ ಕನಿಷ್ಠ ಒಂದು ಕಣ್ಣು ಇರಲೇಬೇಕು. ಕಣ್ಣು ಕಾಣದಿದ್ದರೆ ಇಡೀ ಗೊಂಚಲನ್ನು ಒದ್ದೆ ಮರಳಿನಲ್ಲಿ ಎಂಟು ಹತ್ತು ದಿನ ಇಟ್ಟು, ಮೊಳಕೆ ಉಬ್ಬಿದ ಮೇಲೆ ಕತ್ತರಿಸಿ. ಒಂದು ಗೊಂಚಲು ಮುಗಿದು ಇನ್ನೊಂದಕ್ಕೆ ಹೋಗುವ ಮೊದಲು ಚಾಕುವನ್ನು ಸ್ಪಿರಿಟ್ಟಿನಲ್ಲಿ ಒರೆಸಬೇಕು. ಕತ್ತರಿಸಿದ ಗಾಯಕ್ಕೆ ಒಲೆಯ ಬೂದಿ ಹಚ್ಚಿ ಒಂದು ದಿನ ನೆರಳಲ್ಲಿ ಒಣಗಲು ಬಿಡಬೇಕು.

ನೆಡುವುದು ಮೇ ಕೊನೆಯಿಂದ ಜೂನ್ ಮೊದಲ ವಾರದೊಳಗೆ, ಅಂದರೆ ರೋಹಿಣಿ ಮಳೆಯಲ್ಲಿ. ಆರಿದ್ರೆ ಹಿಡಿದರೆ ಆರದೆ ಹೊಯ್ಯುತ್ತದೆ. ಅಷ್ಟರೊಳಗೆ ಚಿಗುರು ಮೇಲೆ ಬಂದಿರಬೇಕು. ಒಂದು ಅಡಿ ಎತ್ತರದ ಏರಿ ಮಾಡಿ, ಗಿಡದಿಂದ ಗಿಡಕ್ಕೆ ಎರಡು ಅಡಿ ಬಿಟ್ಟು, ಗೆಡ್ಡೆಯನ್ನು ಮಲಗಿಸಿ, ಕಣ್ಣು ಮೇಲಾಗಿ, ನಾಲ್ಕು ಇಂಚು ಮಣ್ಣು ಮುಚ್ಚಿ. ಅಡಿಕೆ ದಬ್ಬೆಯ ಗೂಟವನ್ನು ಆಗಲೇ ಹುಗಿಯಬೇಕು. ಆಮೇಲೆ ಹುಗಿದರೆ ಗೂಟ ಗೆಡ್ಡೆಯನ್ನೇ ಸೀಳುತ್ತದೆ, ಕೊಳೆ ಅಲ್ಲಿಂದಲೇ ಶುರು. ಕೊಟ್ಟೆಯಲ್ಲಿ, ಅಂದರೆ ಪ್ಲಾಸ್ಟಿಕ್ ಚೀಲದಲ್ಲಿ, ನೆಡುವವರು ಮಣ್ಣು ಎರಡು ಪಾಲು, ಮರಳು ಒಂದು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು ಹಾಕಿ, ಕೊಟ್ಟೆಯನ್ನು ಎರಡು ಇಟ್ಟಿಗೆಯ ಮೇಲೆ ಕೂರಿಸಿ. ನೆಲಕ್ಕೆ ತಾಗಿದ ಕೊಟ್ಟೆಯ ತೂತು ಒಂದೇ ವಾರದ ಮಳೆಗೆ ಕಟ್ಟಿಕೊಳ್ಳುತ್ತದೆ. ಸೂರಿನ ನೀರು ಸರಿಯಾಗಿ ಬುಡಕ್ಕೆ ಬೀಳುವ ಸಾಲಿನಲ್ಲಿ ಇಡಬೇಡಿ. ಒಂದು ಅಡಿ ಒಳಗಾಗಲಿ, ಇಲ್ಲ ಒಂದು ಅಡಿ ಹೊರಗಾಗಲಿ.

ನಾಲ್ಕು ಜೊತೆ ಎಲೆ ಬಂದ ಮೇಲೆ ತುದಿ ಚಿವುಟಿದರೆ ಗಿಡ ಕವಲೊಡೆಯುತ್ತದೆ. ದೊಡ್ಡ ಹೂವು ಬೇಕಾದವರು ನಡುವಿನ ಮೊಗ್ಗು ಉಳಿಸಿ ಅಕ್ಕಪಕ್ಕದ ಎರಡನ್ನು ಕಡಲೆ ಗಾತ್ರವಿರುವಾಗಲೇ ತೆಗೆಯಬೇಕು. ಯೂರಿಯಾದ ಆಸೆ ಬೇಡ. ಎಲೆ ಹುಲುಸಾಗಿ ಬಂದು ಕಾಂಡ ಮೆತ್ತಗಾಗುತ್ತದೆ, ಒಂದು ಗಾಳಿಮಳೆಗೆ ಮಲಗುತ್ತದೆ. ಇನ್ನೊಂದು ಸಂಗತಿ ಬಹಳ ಜನರ ಗಮನಕ್ಕೆ ಬಂದಿರುವುದಿಲ್ಲ: ಡೇರೆಯ ಕಾಂಡ ಒಳಗೆ ಟೊಳ್ಳು. ಹೂವು ಮುಗಿಯಿತೆಂದು ಮಳೆಯಿರುವಾಗಲೇ ಬುಡದಲ್ಲಿ ಕತ್ತರಿಸಿದರೆ ಆ ಕೊಳವೆಯಲ್ಲಿ ನೀರು ನಿಂತು ಕುತ್ತಿಗೆ ಕೊಳೆಯುತ್ತದೆ, ಕಣ್ಣೆಲ್ಲ ಹೋಗುತ್ತದೆ. ಕಾಂಡ ತಾನಾಗಿ ಹಳದಿ ತಿರುಗಿ ಒಣಗುವವರೆಗೆ ಕಾಯಿರಿ. ಕತ್ತರಿಸಲೇಬೇಕಾದರೆ ಮೇಲೊಂದು ಅಡಿಕೆ ಹಾಳೆಯ ತುಂಡು ಕವುಚಿ ಕಟ್ಟಿ.

ಎಲೆಯ ನರದ ಗುಂಟ ಹಳದಿ ಪಟ್ಟೆ, ಗಿಡ ಕುಳ್ಳು, ಎಲೆ ಮುದುಡು: ಇಷ್ಟು ಕಂಡರೆ ನಂಜುರೋಗ. ಗಿಡಹೇನು ಇದನ್ನು ಹರಡುತ್ತದೆ, ಗೆಡ್ಡೆಯಲ್ಲೂ ಕಡ್ಡಿಯಲ್ಲೂ ಇದು ಮುಂದುವರಿಯುತ್ತದೆ. ಮದ್ದಿಲ್ಲ. ಎಷ್ಟೇ ಅಪರೂಪದ ಬಣ್ಣವಾದರೂ ಅಂಥ ಗಿಡವನ್ನು ಗೆಡ್ಡೆ ಸಮೇತ ಕಿತ್ತು ಸುಡಬೇಕು. ಕಷ್ಟದ ಮಾತು, ಆದರೆ ಬಳಗ ಇಲ್ಲಿ ಗಟ್ಟಿಯಾಗಿ ನಿಲ್ಲದಿದ್ದರೆ ಎರಡು ವರ್ಷದಲ್ಲಿ ಎಲ್ಲರ ಮನೆಯ ಡೇರೆಯೂ ಕುಳ್ಳಾಗುತ್ತದೆ. ಗಿಡ ಬೆಳೆದು ನಿಂತಿರುವಾಗಲೇ, ಆಗಸ್ಟ್ ಸೆಪ್ಟೆಂಬರಿನಲ್ಲಿ, ಇಬ್ಬರು ಮೂವರು ಮನೆಮನೆಗೆ ಹೋಗಿ ನೋಡಿ, ಆರೋಗ್ಯವಾದ ಗಿಡಕ್ಕೆ ಮಾತ್ರ ಒಂದು ದಾರ ಕಟ್ಟಿ ಬರುವುದು ಒಳ್ಳೆಯದು. ಮೇ ತಿಂಗಳಲ್ಲಿ ದಾರ ಕಟ್ಟಿದ ಗಿಡದ ಗೆಡ್ಡೆಯನ್ನಷ್ಟೇ ಹಂಚಬೇಕು. ಒಣಗಿದ ಗೆಡ್ಡೆಯನ್ನು ನೋಡಿ ನಂಜು ಗುರುತಿಸಲು ಯಾರಿಂದಲೂ ಆಗುವುದಿಲ್ಲ.

ಇನ್ನು ಬೀಜ. ಹೀರೆ, ಹಾಗಲ, ಮೊಗೆ, ಬೆಂಡೆ, ಅಲಸಂದೆಯ ಊರ ತಳಿಗಳು ಉಳಿದಿರುವುದು ಹಿತ್ತಿಲುಗಳಲ್ಲೇ. ಅಲಸಂದೆಯ ಹೂವು ಬಹುಮಟ್ಟಿಗೆ ತನ್ನಲ್ಲೇ ಪರಾಗ ಕಟ್ಟುತ್ತದೆ, ಅದರ ಬೀಜ ಯಾರೂ ಇಡಬಹುದು. ಹೀರೆ, ಹಾಗಲದಂಥವು ಹಾಗಲ್ಲ. ಪಕ್ಕದ ಮನೆಯಲ್ಲಿ ಬೇರೆ ಹೀರೆ ಇದ್ದರೆ ಹುಳಗಳು ಬೆರೆಸಿಬಿಡುತ್ತವೆ. ಹೀರೆಯ ಹೂವು ಅರಳುವುದು ಸಂಜೆ. ಅರಳುವ ಮೊದಲೇ ಒಂದು ಹೆಣ್ಣು ಮೊಗ್ಗಿಗೂ ಒಂದು ಗಂಡು ಮೊಗ್ಗಿಗೂ ತೆಳುಬಟ್ಟೆಯ ಚೀಲ ಕಟ್ಟಿ, ಅರಳಿದ ಮೇಲೆ ಗಂಡು ಹೂವನ್ನು ಹೆಣ್ಣು ಹೂವಿಗೆ ಸವರಿ, ಮತ್ತೆ ಎರಡು ದಿನ ಚೀಲ ಬಿಡಿ. ಆ ಕಾಯಿಗೊಂದು ಬಣ್ಣದ ದಾರ. ಇಷ್ಟು ಮಾಡಲು ಆಗದವರು ಬಳಗದೊಳಗೆ ಕೇರಿಗೊಂದು ಹೀರೆ ತಳಿ ಎಂದು ಹಂಚಿಕೊಳ್ಳಿ.

ಮೊಗೆ, ಸೌತೆಯ ಬೀಜವನ್ನು ತಿರುಳಿನ ಜೊತೆ ಒಂದೆರಡು ದಿನ ನೀರಲ್ಲಿ ಬಿಟ್ಟು, ತೇಲಿದ್ದನ್ನು ಚೆಲ್ಲಿ, ಮುಳುಗಿದ್ದನ್ನು ತೊಳೆದು ನೆರಳಲ್ಲಿ ಒಣಗಿಸಬೇಕು. ಬಗ್ಗಿಸಿದರೆ ಪಟಕ್ಕನೆ ಮುರಿಯಬೇಕು. ಬಾಗಿದರೆ ಇನ್ನೂ ಒದ್ದೆಯಿದೆ. ನಮ್ಮ ಊರಲ್ಲಿ ಬೀಜ ಕೆಡುವುದು ಹುಳುವಿಗಿಂತ ಹೆಚ್ಚಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತಂಡಿಯಿಂದ. ಬಾಟಲಿಯ ತಳದಲ್ಲಿ ಹುರಿದು ಆರಿಸಿದ ಅಕ್ಕಿಯನ್ನು ಒಂದು ಬಟ್ಟೆಯ ಗಂಟಲ್ಲಿ ಕಟ್ಟಿ ಹಾಕಿ, ಮೇಲೆ ಬೀಜದ ಪೊಟ್ಟಣ ಇಟ್ಟು ಬಿಗಿಯಾಗಿ ಮುಚ್ಚಿ. ಹಂಚುವ ಮುಂಚೆ 20 ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಪರೀಕ್ಷೆ ಮಾಡಿ. 16 ಮೊಳೆತರೆ ಹಂಚಿ. 10ಕ್ಕಿಂತ ಕಡಿಮೆ ಮೊಳೆತರೆ ಹಂಚಬೇಡಿ, ಆ ವರ್ಷವೇ ಎಲ್ಲವನ್ನೂ ಬಿತ್ತಿ ಹೊಸ ಬೀಜ ಮಾಡಿಕೊಳ್ಳಿ.

ಮಳೆ ಹಿಡಿದ ಮೇಲೆ ಒಬ್ಬರಿಂದ ಆಗದ ಕೆಲಸ ಒಂದಿದೆ: ಬಸವನಹುಳು. ಆಫ್ರಿಕಾದ ದೊಡ್ಡ ಬಸವನಹುಳು ಒಂದು ಸಲಕ್ಕೆ ನೂರಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ನಿಮ್ಮ ಅಂಗಳದ್ದನ್ನು ಆರಿಸಿದರೂ ಬೇಲಿಯಾಚೆಯಿಂದ ನಾಳೆ ಮತ್ತೆ ಬರುತ್ತದೆ. ಆದ್ದರಿಂದ ಇಡೀ ಕೇರಿ ಒಂದೇ ಸಂಜೆ ಇಳಿಯಬೇಕು. ಹಿಂದಿನ ದಿನವೇ ಒದ್ದೆ ಗೋಣಿಚೀಲ, ಅದರಡಿ ಪಪ್ಪಾಯಿ ಎಲೆ ಅಥವಾ ಕೋಸಿನ ಸಿಪ್ಪೆ ಹಾಕಿಡಿ. ಕತ್ತಲಾದ ಮೇಲೆ ಟಾರ್ಚು ಹಿಡಿದು ಆರಿಸಿ, ಗಟ್ಟಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ, ಬೆಳಿಗ್ಗೆ ಸುಣ್ಣ ಬೆರೆಸಿ ಆಳದ ಗುಂಡಿಯಲ್ಲಿ ಮುಚ್ಚಿ. ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳಿಗೂ ಕೈಗವಸು ತೊಡಿಸಿ. ಅದು ಮನುಷ್ಯರಿಗೆ ತಗಲುವ ಪರೋಪಜೀವಿ ಹುಳುಗಳನ್ನು ಹೊತ್ತಿರಬಹುದು. ಜೂನ್‌ನಲ್ಲಿ ವಾರಕ್ಕೊಂದರಂತೆ ನಾಲ್ಕು ಸಂಜೆ ಮಾಡಿದರೆ ಜುಲೈ ಹಗುರಾಗುತ್ತದೆ.

ಕೊಳೆಗೆ ಬಳಸುವ ಎರಡು ಮದ್ದುಗಳ ಬಗ್ಗೆ ಒಂದು ಎಚ್ಚರಿಕೆ. ಅಡಿಕೆಗೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣ ನಮಗೆಲ್ಲ ಗೊತ್ತು. ಹೂಗಿಡಕ್ಕೆ ಸಣ್ಣ ಲೆಕ್ಕದಲ್ಲಿ 10 ಲೀಟರಿಗೆ 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಹೊಳೆಯುವ ಕಬ್ಬಿಣದ ಚಾಕು ಅದ್ದಿದಾಗ ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣ ಬೇಕು. ಇತ್ತ 100 ಕಿಲೋ ಕೊಟ್ಟಿಗೆ ಗೊಬ್ಬರಕ್ಕೆ 1 ಕಿಲೋ ಟ್ರೈಕೋಡರ್ಮಾ ಬೆರೆಸಿ ನೆರಳಲ್ಲಿ 15 ದಿನ ತೇವವಾಗಿಟ್ಟು ಬುಡಕ್ಕೆ ಹಾಕುತ್ತೇವೆ. ಟ್ರೈಕೋಡರ್ಮಾ ಕೂಡ ಜೀವಂತ ಶಿಲೀಂಧ್ರವೇ. ಅದೇ ಬುಡಕ್ಕೆ ಅದೇ ವಾರ ಬೋರ್ಡೋ ಸುರಿದರೆ ಹಾಕಿದ್ದೆಲ್ಲ ವ್ಯರ್ಥ. ಒಂದನ್ನು ಮಣ್ಣಿಗೆ, ಇನ್ನೊಂದನ್ನು ಎಲೆಗೆ ಎಂದು ಬೇರೆ ಇಟ್ಟುಕೊಳ್ಳಿ, ನಡುವೆ ಎರಡು ಮೂರು ವಾರವಾದರೂ ಬಿಡಿ.

ಗೊಬ್ಬರಕ್ಕೆ ತರುವ ದರಗಿನ, ಅಂದರೆ ಉದುರಿದ ಒಣ ಎಲೆಯ ವಿಷಯದಲ್ಲಿ ಮಲೆನಾಡಿನವರು ಮರೆಯಬಾರದ್ದು ಇನ್ನೊಂದು. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಇದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದು ಹರಡುವುದು ಉಣುಗಿನಿಂದ, ಹೆಚ್ಚಾಗುವುದು ಡಿಸೆಂಬರಿನಿಂದ ಮೇ ತಿಂಗಳವರೆಗೆ. ಕಾಡಿನಲ್ಲಿ ದರಗು ಗುಡಿಸುವ ಕಾಲವೂ ಅದೇ. ಗೊಬ್ಬರದ ಗುಂಡಿಗೆ ಬಳಗದವರು ಕಾಡಿನ ದರಗು ತರುವುದು ಬೇಡ. ಪೇಟೆಯ ರಸ್ತೆಬದಿಯಲ್ಲಿ, ಶಾಲೆ, ದೇವಸ್ಥಾನಗಳ ಅಂಗಳದಲ್ಲಿ ಬೆಂಕಿಗೆ ಹೋಗುವ ಎಲೆಯೇ ಸಾಕಷ್ಟಿದೆ, ಅದನ್ನು ಗೋಣಿಯಲ್ಲಿ ತುಂಬಿ ತನ್ನಿ. ಕಾಡಂಚಿಗೆ ಹೋಗಲೇಬೇಕಾದವರು ಉಣುಗು ಕಚ್ಚದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಲಿ, ಮೈತುಂಬ ಬಟ್ಟೆ ಹಾಕಲಿ, ಬಂದ ಕೂಡಲೇ ಬಿಸಿನೀರು ಸ್ನಾನ ಮಾಡಲಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

ಶಾಲೆಯ ಕೈತೋಟಗಳು ಸೊರಗುವುದು ರಜೆಯಲ್ಲಿ. ಅಕ್ಟೋಬರಿನ ದಸರಾ ರಜೆಯಲ್ಲಿ ಕಳೆ ಮುಚ್ಚುತ್ತದೆ, ಏಪ್ರಿಲ್ ಎರಡನೇ ವಾರದಿಂದ ನೀರು ಹಾಕುವವರಿಲ್ಲ. ಹೀಗಾಗಿ ಬಿಸಿಯೂಟಕ್ಕೆ ಬೇಕಾದ ಗಿಡಗಳಲ್ಲಿ ರಜೆ ತಡೆದುಕೊಳ್ಳುವಂಥವನ್ನೇ ಆರಿಸಬೇಕು: ಬೇಲಿಗೆ ಚಕ್ರಮುನಿ, ಮೂಲೆಗೆ ಕರಿಬೇವು, ಬಾವಿಕಟ್ಟೆಯ ಹತ್ತಿರ ಬಸಳೆ. ಚಕ್ರಮುನಿಯ ಬೆರಳು ದಪ್ಪದ, ಒಂದು ಗೇಣಿನ ಕಡ್ಡಿಯನ್ನು ಜೂನ್‌ನಲ್ಲಿ ಚುಚ್ಚಿದರೆ ಹಿಡಿಯುತ್ತದೆ. ಆ ಸೊಪ್ಪನ್ನು ಬೇಯಿಸಿಯೇ ಬಳಸಲಿ. ನುಗ್ಗೆಯ ಮೇಲೆ ಎಲ್ಲರಿಗೂ ಪ್ರೀತಿ, ಆದರೆ ತೀರ್ಥಹಳ್ಳಿ, ಹೊಸನಗರದ ಮಳೆಯಲ್ಲಿ ಅದರ ಬೇರು ಕೊಳೆಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಮಳೆ, ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಒಂದೇ ಪಟ್ಟಿ ಇಡೀ ಜಿಲ್ಲೆಗೆ ಹೊಂದದು.

ಮಳೆಗಾಲ ಉಪ್ಪಿನಕಾಯಿಗೆ ಬಳಸುವ ಪರಿಮಳದ ಮಾವು ಅಪ್ಪೆಮಿಡಿಯ ಕಸಿಯ ಕಾಲವೂ ಹೌದು, ಗಾಳಿಯ ತೇವವೇ ಅರ್ಧ ಕೆಲಸ ಮಾಡಿಕೊಡುತ್ತದೆ. ಕಸಿ ಕೂರಿಸುವ ಬೇರುಗಿಡಕ್ಕೆ ಕಾಟುಮಾವಿನ (ಕಾಡುಮಾವಿನ) ಗೊರಟನ್ನು ಹಣ್ಣು ತಿಂದ ಕೆಲವೇ ದಿನಗಳಲ್ಲಿ ಊರಬೇಕು, ಒಣಗಿಸಿಟ್ಟರೆ ಮೊಳೆಯದು. ಕಸಿಕಡ್ಡಿ ಮೂರು ನಾಲ್ಕು ತಿಂಗಳು ಬಲಿತಿರಲಿ. ಕತ್ತರಿಸುವ ಎಂಟು ಹತ್ತು ದಿನ ಮೊದಲು ತೊಟ್ಟು ಬಿಟ್ಟು ಎಲೆ ಸವರಿದರೆ ತುದಿಮೊಗ್ಗು ಉಬ್ಬುತ್ತದೆ. ಮೂರು ನಾಲ್ಕು ಸೆಂಟಿಮೀಟರ್ ಉದ್ದದ ಬೆಣೆ ಮಾಡಿ, ಸೀಳಿನಲ್ಲಿ ಕೂರಿಸಿ, ಕನಿಷ್ಠ ಒಂದು ಪಕ್ಕದ ತೊಗಟೆಯಾದರೂ ಕೂಡುವಂತೆ ಪ್ಲಾಸ್ಟಿಕ್ ಪಟ್ಟಿ ಬಿಗಿದು, ಮೇಲೊಂದು ಸಣ್ಣ ಕೊಟ್ಟೆಯ ಟೋಪಿ ಹಾಕಿ. ಮೂರು ನಾಲ್ಕು ವಾರಕ್ಕೆ ಚಿಗುರುತ್ತದೆ. ಕಸಿಯ ಕೆಳಗೆ ಬಂದ ಚಿಗುರನ್ನು ಕಂಡಾಗೆಲ್ಲ ಚಿವುಟದಿದ್ದರೆ ನೀವು ಸಾಕುವುದು ಕಾಟುಮಾವನ್ನೇ. ಅಪ್ಪೆಯ ಬೆಲೆ ಸೊನೆಯ ಪರಿಮಳದಲ್ಲಿ. ಕಾಯಿಗಾಗಿ ಗೆಲ್ಲು ಕಡಿದು ಕೆಡವಿದ ಹೊಳೆದಂಡೆಯ ಮರಗಳು ಮತ್ತೆ ಬರುವುದಿಲ್ಲ. ಅಂಥ ಒಂದು ಮರದ ಹತ್ತು ಕಸಿ ಹತ್ತು ಹಿತ್ತಿಲಿಗೆ ಹೋದರೆ ಆ ಪರಿಮಳ ಉಳಿಯುತ್ತದೆ.

ಜನವರಿಯ ಪ್ರದರ್ಶನಕ್ಕೆ ಬೇಕಾದ ಲೆಕ್ಕ ಚಿಕ್ಕದು. ಸೇವಂತಿಗೆಯ ಕಡ್ಡಿ ಜುಲೈಯೊಳಗೆ, ಚೆಂಡುಹೂವಿನ ಬೀಜ ನವೆಂಬರ್ ಮೊದಲ ವಾರ. ಆಗ ಡೇರೆಯೂ ಬೇಕೆಂದರೆ ಸೆಪ್ಟೆಂಬರಿನಲ್ಲಿ ಮೂರು ಇಂಚಿನ ತುದಿಕಡ್ಡಿಯನ್ನು ಮರಳಲ್ಲಿ ಬೇರು ಬರಿಸಿ ಅಕ್ಟೋಬರಿನಲ್ಲಿ ಕುಂಡಕ್ಕೆ ಏರಿಸಬೇಕು.

ಕೊನೆಗೆ ಒಂದು ಪುಸ್ತಕ. ನೂರು ಪುಟದ ನೋಟುಬುಕ್ಕು ಸಾಕು. ಪುಟಕ್ಕೊಂದು ತಳಿ: ಊರಲ್ಲಿ ಕರೆಯುವ ಹೆಸರು, ಹೂವಿನ ಅಥವಾ ಕಾಯಿಯ ಗುರುತು, ಯಾವ ಮನೆಯಿಂದ ಬಂತು, ಯಾವ ಮೂರು ಮನೆಗೆ ಹೋಯಿತು, ಯಾವ ವರ್ಷ. ಗೆಡ್ಡೆಗೆ ಕಟ್ಟುವ ಚೀಟಿಯನ್ನು ಪೆನ್ನಿನಲ್ಲಿ ಬರೆಯಬೇಡಿ, ಒಂದೇ ಮಳೆಗೆ ಅಳಿಸುತ್ತದೆ. ತೆಳು ಅಲ್ಯೂಮಿನಿಯಂ ತಗಡಿನ ಮೇಲೆ ಮೊಳೆಯಿಂದ ಗೀಚಿ ತಂತಿಯಲ್ಲಿ ಕಟ್ಟಿ. ಪ್ರತಿ ಮೇ ತಿಂಗಳ ಹಂಚಿಕೆಗೆ ಮುಂಚೆ ಆ ಮೂರು ಮನೆಗೆ ಹೋಗಿ ಗಿಡ ಇದೆಯೇ ಎಂದು ನೋಡಿ ಬನ್ನಿ. ಒಂದೇ ಮನೆಯಲ್ಲಿ ಉಳಿದಿದ್ದರೆ ಆ ವರ್ಷದ ಮೊದಲ ಗೆಡ್ಡೆ ಹೋಗಬೇಕಾದದ್ದು ಅದರದ್ದೇ.